ಗುಜರಿಯವನು ಬರುವ ಮೊದಲು

ಜಲನಗರದ ನಮ್ಮ ಮನೆಯ ಮುಂದೆ ಒಂದು ಬೇವಿನ ಮರವಿದೆ. ಈಗ ಅದರ ನೆರಳಿನಲ್ಲಿ ಎರಡು ಸ್ಕೂಟರ್‌ಗಳು ನಿಲ್ಲುತ್ತವೆ. 2008ರವರೆಗೆ ಅಲ್ಲಿ ನಿಲ್ಲುತ್ತಿದ್ದುದು ನನ್ನ ಪ್ರೀಮಿಯರ್ ಪದ್ಮಿನಿ ಕಾರು.

ಆರನೆಯ ತರಗತಿ ಓದುವ ಮೊಮ್ಮಗ ಒಂದು ದಿನ ಹಳೆಯ ಆಲ್ಬಮ್ಮಿನಲ್ಲಿ ಅದರ ಫೋಟೊ ಕಂಡು ಕೇಳಿದ: “ಅಜ್ಜಾ, ಈ ಕಾರು ಈಗ ಎಲ್ಲೈತಿ?”

“ಗುಜರಿಯವಗ ಕೊಟ್ಟೆ. ಕಿಲೋ ಲೆಕ್ಕದಾಗ.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಉಳ್ಳಾಗಡ್ಡಿ ಗತೆ?” ಎಂದ.

ನನಗೆ ಉತ್ತರ ಹೊಳೆಯಲಿಲ್ಲ. 9,500 ರೂಪಾಯಿ ಬಂದಿತ್ತು. ಕಾರ್ಬ್ಯುರೇಟರಿನ ಒಂದು ಸಣ್ಣ ಬಿಡಿಭಾಗ ಸಿಗದೆ ಎರಡು ಮಳೆಗಾಲ ಅದು ಮರದ ಕೆಳಗೇ ನಿಂತಿತ್ತು. ಜಾಗ ಖಾಲಿಯಾದರೆ ಸಾಕೆನಿಸಿತ್ತು ನನಗೆ. ಇನ್ನೊಂದು ತಿಂಗಳು ಹುಡುಕಿದ್ದರೆ ಆ ಭಾಗ ಸಿಗುತ್ತಿತ್ತೇನೋ.

ಮೊಮ್ಮಗನನ್ನು ಸಮಾಧಾನ ಮಾಡಲೆಂದು, “ಬಾ, ನಮ್ಮ ಕಡೆ ಇನ್ನೂ ಎಷ್ಟು ಹಳೇ ಕಾರು ಉಳಿದಾವ ಎಣಿಸೂಣು” ಎಂದೆ. ಫೆಬ್ರುವರಿಯ ಒಂದು ಭಾನುವಾರ ಮಗನ ಹೊಸ ಕಾರಿನಲ್ಲಿ ಹೊರಟೆವು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂರೂವರೆ ದಶಕ ಲೆಡ್ಜರ್ ಬರೆದ ಕೈ ಸುಮ್ಮನಿರುತ್ತದೆಯೇ? ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಐದು ಕಾಲಂ ಮಾಡಿಕೊಟ್ಟೆ: ಕ್ರಮ ಸಂಖ್ಯೆ, ಊರು, ಗಾಡಿ, ಬಣ್ಣ, ಸ್ಥಿತಿ.

ಮೊದಲು ನಿಂತದ್ದು ಊರ ಪಶ್ಚಿಮಕ್ಕಿರುವ ಷೆರ್ಜಾ ಬುರುಜಿನ ಹತ್ತಿರ. ಅದರ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೀವು ನೋಡಿರಬಹುದು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ಸುಮಾರು 55 ಟನ್ ತೂಕ. ಆದರೆ ಮೊಮ್ಮಗನಿಗೆ ನಾನು ಹೇಳಬೇಕೆಂದಿದ್ದ ಕಥೆ ಯುದ್ಧದ್ದಲ್ಲ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇಲ್ಲಿ ಬಿದ್ದಿದ್ದ ‘ನಿರುಪಯುಕ್ತ’ ಸಾಮಾನುಗಳನ್ನೆಲ್ಲ ಮಾರಲು ಹೇಳಿದರು. ಈ ತೋಪೂ ಹರಾಜಿಗೆ ಬಂತು. ಬಂದ ಅತಿ ಹೆಚ್ಚಿನ ಸವಾಲು ಕೇವಲ 150 ರೂಪಾಯಿ! ಬೆಲೆ ತೀರ ಕಡಿಮೆಯಾಯಿತು, ಜನರಿಗೂ ಇದರ ಮೇಲೆ ಭಕ್ತಿಯಿದೆ ಎಂದು ಇಲ್ಲಿದ್ದ ಅಧಿಕಾರಿ ಮೇಲಿನವರಿಗೆ ಬರೆದ. ಮಾರಾಟ ರದ್ದಾಯಿತು. ಒಂದು ಕಾಗದದಿಂದ ತೋಪು ಉಳಿಯಿತು.

“ಆ ಸಾಹೇಬ ನಿನಗಿಂತ ಶ್ಯಾಣ್ಯಾ ಇದ್ದ ಅಜ್ಜಾ” ಎಂದ ಮೊಮ್ಮಗ. ಒಪ್ಪಿಕೊಂಡೆ.

ತಿಕೋಟಾ ದಾರಿಯಲ್ಲಿ ಅವನಿಗೆ ಕಾರುಗಳ ವಂಶಾವಳಿ ಹೇಳಿದೆ. ನಮ್ಮ ಕಾಲದಲ್ಲಿ ರಸ್ತೆಯ ಮೇಲೆ ಮುಖ್ಯವಾಗಿ ಕಾಣುತ್ತಿದ್ದುದು ಎರಡೇ. ಒಂದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ್ದು. ಇನ್ನೊಂದು ಫಿಯೆಟ್. ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಚಿತ್ತೋಡದ ರಾಣಿಯ ನೆನಪಿನಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಆ ಕಂಪನಿ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ, 1882ರಲ್ಲಿ. ಬೆಂಗಳೂರಿನ ವಿಮಾನ ಕಾರ್ಖಾನೆ ಶುರು ಮಾಡಿದವರೂ ಅವರೇ.

ಆಗ ಕಾರು ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ನನ್ನಂಥ ಗುಮಾಸ್ತ ಕಾರಿನಲ್ಲಿ ಕೂತದ್ದೇ ಬ್ಯಾಂಕಿನ ಕೆಲಸದ ಮೇಲೆ. ನಗದು ಪೆಟ್ಟಿಗೆ ಸಾಗಿಸುವ ಬಾಡಿಗೆ ಅಂಬಾಸಿಡರ್‌ನ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರ್, ನಾನು, ಬಂದೂಕಿನವನು. ಹಿಂದೆ ಪೆಟ್ಟಿಗೆ ಮತ್ತು ಕ್ಯಾಶಿಯರ್. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದ್ದುದರಿಂದ ಮುಂದೆ ಮೂವರು ಕೂರಬಹುದಿತ್ತು.

ಈಗ ಎಲ್ಲವೂ ಮುಗಿದಿದೆ. ಪದ್ಮಿನಿ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 20 ವರ್ಷದ ಮಿತಿ ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. 2014 ನಮ್ಮೂರವರಿಗೆ ನೆನಪಿರುವ ವರ್ಷ. ಆ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಅದೇ ವರ್ಷ ಜನವರಿಯಲ್ಲಿ ಮಾರುತಿ 800, ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಂತವು. ಉಳಿದವುಗಳಿಗೂ ಕಷ್ಟಗಳು ಸಾಲಾಗಿವೆ. ಬಿಡಿಭಾಗ ಸಿಗುವುದಿಲ್ಲ, ಕೈಪಳಗಿದ ಮೇಸ್ತ್ರಿಗಳಿಗೆ ವಯಸ್ಸಾಗಿದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಓಡದ ಕಾರಿಗೆ ಅಷ್ಟು ಯಾರು ಕಟ್ಟುತ್ತಾರೆ?

ತಿಕೋಟಾ ಸೇರುವ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಎರಡೇ ಸಾಲು ತುಂಬಿದ್ದವು. ಗಾಂಧಿಚೌಕದ ಹತ್ತಿರ ಕಂಡ ಒಂದು ಕೆಂಪು ಮಾರುತಿ 800, ಗ್ಯಾರೇಜಿನ ಹಿಂದೆ ಚಕ್ರವಿಲ್ಲದ ಒಂದು ಜೀಪು. ಚಹಾದಂಗಡಿಯಲ್ಲಿ ವಿಚಾರಿಸಿದಾಗ ಒಬ್ಬರು ದ್ರಾಕ್ಷಿ ತೋಟದ ದಾರಿ ತೋರಿಸಿದರು.

ಒಣದ್ರಾಕ್ಷಿ ಮಾಡುವ ಶೆಡ್ಡಿನ ಮಗ್ಗುಲಲ್ಲಿ, ತಾಡಪತ್ರಿಯ ಕೆಳಗೆ, ಬಿಳಿಯ ಅಂಬಾಸಿಡರ್ ನಿಂತಿತ್ತು. 1978ರದು. ಬಾನೆಟ್ ಮೇಲೆ ಖಾಲಿ ಕ್ರೇಟುಗಳು, ಒಳಗೆ ಎರಡು ಕೋಳಿ. ಯಜಮಾನರು ನನ್ನದೇ ವಯಸ್ಸಿನವರು. “ನಮ್ಮಪ್ಪ ತಂದದ್ದು. ನನ್ನ ಮದುವಿ ದಿಬ್ಬಣ ಇದರಾಗ ಬಂದಿತ್ತು” ಎಂದು ಕ್ರೇಟು ಇಳಿಸಿ, ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿದರು. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಕೋಳಿಗಳು ಹಾರಿ ಹೋದವು. ಮೊಮ್ಮಗ ಮುಂದಿನ ಸೀಟಿನ ನಟ್ಟನಡುವೆ ಕೂತು, ಮುಂಬಾಗಿಲಿನ ಪುಟ್ಟ ತ್ರಿಕೋನದ ಕಿಟಕಿ ತೆರೆದು ಮುಚ್ಚಿ ನೋಡಿದ. ನನಗೆ ಆ ಹಳೆಯ ರೆಗ್ಝಿನ್ನಿನ ವಾಸನೆ ಸಾಕಾಯಿತು.

“ಗುಜರಿಯವ ಎರಡು ಸಲ ಬಂದು ಹೋದ. ಮಗ ಕೊಟ್ಟುಬಿಡು ಅಂತಾನ” ಎಂದರು ಯಜಮಾನರು. ಮೊಮ್ಮಗ ತೋಪಿನ ಕಥೆಯನ್ನು ಅವರಿಗೆ ಪೂರ್ತಿ ಹೇಳಿದ. ಅವರು ನಕ್ಕರು. ನಾನು ನನ್ನ ಪದ್ಮಿನಿಯ ಕಥೆ ಹೇಳಿದೆ. ಆಗ ನಗಲಿಲ್ಲ. 2021ರ ಕೇಂದ್ರದ ನಿಯಮದ ಪ್ರಕಾರ, ಮೂಲ ರೂಪ ಕೆಡದೆ 50 ವರ್ಷ ದಾಟಿದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದು. “ನಿಮ್ಮದಕ್ಕ ಭಾಳ ದಿನ ಉಳಿದಿಲ್ಲ” ಎಂದೆ. “ದ್ರಾಕ್ಷಿ ಮಾರಿದ ಮ್ಯಾಲ ನೋಡೂಣು” ಎಂದರು.

ಒಳರಸ್ತೆ ಹಿಡಿದು ಬಬಲೇಶ್ವರಕ್ಕೆ ಬಂದೆವು. ಅಲ್ಲಿ ನಮ್ಮ ಪಾಲಿಗೆ ಸಿಕ್ಕಿದ್ದು ಒಂದೇ: ಒಬ್ಬ ವೆಲ್ಡಿಂಗ್ ಮೇಸ್ತ್ರಿಯ ಅಂಗಡಿಯ ಬಾಗಿಲಿಗೆ ಜಡಿದಿದ್ದ ಪದ್ಮಿನಿಯ ಮುಂದಿನ ಗ್ರಿಲ್. ಅದು ನನ್ನ ಕಾರಿನದೇ ಇರಬಹುದೇ ಎಂದು ಮೊಮ್ಮಗ ಕೇಳಿದ. ಅಲ್ಲವೆಂದೆ. ಆದರೂ ಒಮ್ಮೆ ಕೈಯಾಡಿಸಿ ಬಂದೆ.

ಮಕ್ಕಳೇ, ಹಳೆಯ ಕಾರಿನ ಸುಖ ಅನುಭವಿಸಲು ಅದು ನಮ್ಮದೇ ಆಗಿರಬೇಕಿಲ್ಲ. ಒಂದು ನೋಟ್‌ಬುಕ್ ಇಡಿ. ಕಂಡದ್ದನ್ನು ಬರೆಯಿರಿ. ಯಜಮಾನರ ಅಪ್ಪಣೆಯಿಲ್ಲದೆ ಮುಟ್ಟಬೇಡಿ. ಕೇಳಿದರೆ ಹೆಚ್ಚಿನವರು ಬಾಗಿಲು ತೆರೆದು ತೋರಿಸುತ್ತಾರೆ, ಜೊತೆಗೊಂದು ಕಥೆಯನ್ನೂ ಹೇಳುತ್ತಾರೆ. ಆ ಕಥೆಯನ್ನೂ ಬರೆದುಕೊಳ್ಳಿ. ಪ್ರವಾಸ ಹೋದಾಗ ಧರ್ಮಸ್ಥಳದ ಕಾರು ಸಂಗ್ರಹವನ್ನೂ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಮ್ಯೂಸಿಯಮ್ಮನ್ನೂ ನೋಡಿ. ದೊಡ್ಡವರಿಗೆ ನನ್ನದೊಂದೇ ಮಾತು: ಗುಜರಿಯವನನ್ನು ಕರೆಯುವ ಮೊದಲು ಒಂದು ತಿಂಗಳು ತಡೆಯಿರಿ. ಆ ಗಾಡಿಯನ್ನು ಬೇಕೆನ್ನುವ ಯಾರಾದರೂ ಇದ್ದಾರೆಯೇ ಎಂದು ಕೇಳಿ ನೋಡಿ.

ನಮ್ಮ ಪುಸ್ತಕದಲ್ಲಿ ಈಗ ನಾಲ್ಕು ಸಾಲುಗಳಿವೆ. ಮೂರರ ‘ಸ್ಥಿತಿ’ ಕಾಲಂ ತುಂಬಿದೆ. ಬಿಳಿ ಅಂಬಾಸಿಡರ್‌ನ ಮುಂದೆ ಮೊಮ್ಮಗ ಪೆನ್ಸಿಲ್ಲಿನಲ್ಲಿ ಬರೆದಿದ್ದಾನೆ: “ದ್ರಾಕ್ಷಿ ಮಾರಿದ ಮೇಲೆ.” ಈ ಭಾನುವಾರ ಮತ್ತೆ ತಿಕೋಟಾಕ್ಕೆ ಹೋಗೋಣ ಎನ್ನುತ್ತಿದ್ದಾನೆ. ಹೊರಡಬೇಕು.