ಮರಕ್ಕೆ ಪೆಟ್ಟಾಯಿತಾ?



ನಮ್ಮ ಊರಿನಲ್ಲಿ ಇಬ್ಬರು ಎದುರು ಸಿಕ್ಕಿದರೆ ಮೊದಲು ಕೇಳುವುದು "ಎಂತ ವಿಶೇಷ?" ಎಂದು. ಎಲ್ಲರೂ ಕೊಡುವ ಉತ್ತರ ಒಂದೇ, "ಎಂತದ್ದೂ ಇಲ್ಲ." ದಿನಕ್ಕೆ ಹತ್ತು ಸಲ ಕೇಳುತ್ತಾರೆ, ಹತ್ತು ಸಲವೂ ಇಲ್ಲ ಎನ್ನುತ್ತೇವೆ. ನಿಜವಾಗಿ ವಿಶೇಷ ಇಲ್ಲವೋ, ಅಲ್ಲ ನಾವು ಸರಿಯಾಗಿ ನೋಡುವುದಿಲ್ಲವೋ? ಈ ಸಲದ ಗೋಡೆ ಪತ್ರಿಕೆಗೆ "ದಿನನಿತ್ಯದಲ್ಲಿ ನಗು" ಎಂಬ ವಿಷಯ ಕೊಟ್ಟಾಗ ನನಗೆ ಮೊದಲು ಬಂದ ಯೋಚನೆ ಇದು. ನನ್ನ ಲೆಕ್ಕದಲ್ಲಿ ಒಳ್ಳೆಯ ನಗು ಬರುವುದು ಒಂದು ಸಂಗತಿಯನ್ನು ಎರಡನೇ ಸಲ ನೋಡಿದಾಗ.

ಇದಕ್ಕೆ ಮೂಡುಬಿದಿರೆಯಲ್ಲಿ ಒಂದು ಉದಾಹರಣೆ ಉಂಟು. ಅಲ್ಲಿಗೆ ಹೋದವರೆಲ್ಲ ಸಾವಿರ ಕಂಬದ ಬಸದಿ ನೋಡಿ ಬರುತ್ತಾರೆ. ಅದನ್ನು ನೋಡಲೇಬೇಕು. ಆದರೆ ಅದೇ ಊರಿನ ಚೌಟರ ಅರಮನೆಯ ಮರದ ಕಂಬಗಳನ್ನೂ ನೋಡಬೇಕು. ದೂರದಿಂದ ನೋಡಿದರೆ ಒಂದು ಆನೆ. ಹತ್ತಿರ ಹೋದರೆ ಆನೆಯೇ ಇಲ್ಲ! ಒಂಬತ್ತು ಮಂದಿ ಹೆಂಗಸರು ಬಗ್ಗಿ, ಬಳುಕಿ, ಒಬ್ಬರಿಗೊಬ್ಬರು ಸೇರಿಕೊಂಡು ಆನೆಯಾಗಿದ್ದಾರೆ. ಅದಕ್ಕೆ ನವನಾರಿ ಕುಂಜರ ಎಂದು ಹೆಸರು. ಐದು ಮಂದಿ ಸೇರಿ ಕುದುರೆಯಾದದ್ದೂ ಉಂಟು, ಅದು ಪಂಚನಾರಿ ತುರಗ. ನಾವು ನೋಡಲಿಕ್ಕೆ ಹೋದಾಗ ಅಲ್ಲಿದ್ದ ಒಬ್ಬರು ಅಜ್ಜ, "ಒಂದು ಆನೆ ಆಗಬೇಕಾದರೆ ಒಂಬತ್ತು ಮಂದಿ ಎಷ್ಟು ಬಗ್ಗಬೇಕು ನೋಡಿ ಮಕ್ಕಳೇ" ಎಂದರು. ನಾವೆಲ್ಲ ನಕ್ಕೆವು. ಆದರೆ ಬಸ್ಸಿನಲ್ಲಿ ಬರುವಾಗ ಆ ಮಾತು ಬರೀ ತಮಾಷೆ ಅಲ್ಲ ಎಂದು ನನಗೆ ಅನಿಸಿತು.

ಎರಡನೇ ಸಲ ನೋಡುವ ಹಾಗೆಯೇ ಎರಡನೇ ಸಲ ಕೇಳುವುದೂ ಒಂದು ಆಟ. ಅದನ್ನು ಮಕ್ಕಳಿಗೆ ಕೊಟ್ಟವರು ನಮ್ಮ ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರು. ಅವರು ಹುಟ್ಟಿದ್ದು 1874ರಲ್ಲಿ. ಶಾಲೆಯಲ್ಲಿ ಮಾಸ್ತರರಾದರು, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರರಾದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅಷ್ಟು ದೊಡ್ಡವರಾದರೂ "ಕವಿಶಿಷ್ಯ" ಎಂಬ ಹೆಸರಿನಲ್ಲಿ ಬರೆದರು. ತಾನು ಕವಿ ಅಲ್ಲ, ಕವಿಗಳ ಶಿಷ್ಯ ಅಂತ! ಅವರು ಬರೆದ ಮಕ್ಕಳ ಕತೆಗಳಲ್ಲಿ ಒಂದರ ಹೆಸರು "ಸಿಗಡಿ ಯಾಕೆ ಒಣಗಲಿಲ್ಲ?" ಯಾಕೆ ಎಂದು ಕೇಳಿದರೆ ಒಂದು ಉತ್ತರ, ಆ ಉತ್ತರಕ್ಕೆ ಇನ್ನೊಂದು ಯಾಕೆ. ಹೀಗೆ ಪ್ರಶ್ನೆಯ ಬಾಲಕ್ಕೆ ಪ್ರಶ್ನೆ ಸೇರಿ ರೈಲಿನ ಹಾಗೆ ಹೋಗುತ್ತದೆ.

ಈ ಯಾಕೆ ಆಟ ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ.

ನನ್ನ ಅಪ್ಪ ಅಡಿಕೆ ಮರಕ್ಕೆ ಮದ್ದು ಬಿಡುವ ಕೆಲಸ ಮಾಡುತ್ತಿದ್ದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಇದು ಮದ್ದಿನ ಲೆಕ್ಕ. ಇದನ್ನು ಬಿಡದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಉದುರುತ್ತದೆ. ಸಂಜೆ ಮನೆಗೆ ಬರುವಾಗ ಅಪ್ಪ ಮೈಯೆಲ್ಲ ನೀಲಿ. ತಮ್ಮ "ಕೃಷ್ಣನ ವೇಷ ಬಂತು" ಎಂದು ಚೆಂಡೆ ಬಾರಿಸುತ್ತಿದ್ದ. ಕಳೆದ ವರ್ಷ ಆಟಿಯಲ್ಲಿ ಅಪ್ಪ ಮರದಿಂದ ಬಿದ್ದರು. ಕಾಲು ಮುರಿಯಿತು. ಮೂರು ತಿಂಗಳು ಮಂಚದಲ್ಲೇ.

ಆಗ ನಮ್ಮ ಮನೆಯಲ್ಲಿ ಅಮ್ಮನ ಬೀಡಿಯ ದುಡ್ಡು ಮಾತ್ರ. ಮಾತೂ ಕಡಿಮೆಯಾಯಿತು. ನೋಡಲಿಕ್ಕೆ ಬಂದವರೆಲ್ಲ "ಅಯ್ಯೋ ಪಾಪ, ಹೀಗಾಗಬಾರದಿತ್ತು" ಎನ್ನುತ್ತಿದ್ದರು. ಅವರು ಹೋದ ಮೇಲೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಮಾವ ಬಂದರು. ಅಪ್ಪ ಬಿದ್ದ ದಿನ ಕೆಸರಿನಲ್ಲಿ ಅವರನ್ನು ಎತ್ತಿಕೊಂಡು ರಸ್ತೆಯವರೆಗೆ ತಂದದ್ದು ಈ ಮಾವನೇ. ಮಂಚದ ಪಕ್ಕ ಕೂತು, ಮುಖ ಗಂಭೀರ ಮಾಡಿ ಕೇಳಿದರು, "ನಿನ್ನದು ಹೇಗೂ ಸರಿಯಾಗ್ತದೆ ಮಾರಾಯ. ಮರಕ್ಕೆ ಪೆಟ್ಟಾಯಿತಾ?"

ಅಪ್ಪ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದರು. ಮತ್ತೆ ನಕ್ಕರು, ಕಾಲು ನೋಯುವಷ್ಟು ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು. ಒಳಗಿದ್ದ ಅಮ್ಮನೂ ಓಡಿ ಬಂದರು.

ಅಂದು ರಾತ್ರಿ ತಮ್ಮ ಯಾಕೆ ಆಟ ಸುರು ಮಾಡಿದ.

"ಅಪ್ಪ, ನೀವು ಬಿದ್ದದ್ದು ಯಾಕೆ?"

"ಕಾಲು ಜಾರಿತು."

"ಜಾರಿದ್ದು ಯಾಕೆ?"

"ಮರದಲ್ಲಿ ಪಾಚಿ ಇತ್ತು."

"ಪಾಚಿ ಯಾಕೆ?"

"ಮಳೆ ಬಿಡಲೇ ಇಲ್ಲ."

"ಮಳೆ ಬಿಡದಿದ್ದರೆ ಹತ್ತಿದ್ದು ಯಾಕೆ?"

"ಮದ್ದು ಬಿಡುವ ದಿನ ಮೀರಿತ್ತು. ಅಡಿಕೆ ಉದುರುತ್ತಿತ್ತು."

"ಉದುರಿದರೆ ನಮಗೆ ಎಂತ? ತೋಟ ನಮ್ಮದಲ್ಲವಲ್ಲ?"

ಅಪ್ಪ ಸುಮ್ಮನಾದರು. ಅಮ್ಮನ ಕೈಯಲ್ಲಿದ್ದ ಬೀಡಿ ಅರ್ಧಕ್ಕೇ ನಿಂತಿತು. ಆಮೇಲೆ ಅಪ್ಪ ಹೇಳಿದರು, "ತೋಟ ನಮ್ಮದಲ್ಲ ಮಗಾ. ಕೂಲಿ ನಮ್ಮದು." ತಮ್ಮ ಬಿಡಲಿಲ್ಲ, "ಹಾಗಾದರೆ ಪೆಟ್ಟು ಯಾರದ್ದು?" ಎಂದ. ಅಪ್ಪ, "ಅದು ಮರದ್ದು. ಗುಣ ಆದ ಮೇಲೆ ವಾಪಸು ಕೊಟ್ಟು ಬರ್ತೇನೆ" ಎಂದರು. ಎಲ್ಲರೂ ನಕ್ಕೆವು. ಅಮ್ಮ ನಗುತ್ತಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅಷ್ಟು ದಿನ ಯಾರೂ ಬಾಯಿ ಬಿಟ್ಟು ಹೇಳದ ಮಾತು ಆ ಆಟದಲ್ಲಿ ಹೊರಗೆ ಬಂತು. ಅದರ ಮರುದಿನದಿಂದ ಅಪ್ಪ ಮಂಚದಲ್ಲಿ ಕೂತು ಅಮ್ಮನಿಗೆ ಬೀಡಿ ಎಲೆ ಕತ್ತರಿಸಿ ಕೊಡಲಿಕ್ಕೆ ಸುರು ಮಾಡಿದರು.

ನಗಿಸಿ ಹೇಳುವ ಈ ಉಪಾಯ ನಮ್ಮ ಯಕ್ಷಗಾನಕ್ಕೆ ಗೊತ್ತುಂಟು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳದ ಆಟ ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅಲ್ಲಿ ಭಾಗವತರು ಪದ ಹೇಳುತ್ತಾರೆ, ವೇಷದವರು ಮಾತು ಬಾಯಿಪಾಠ ಮಾಡದೆ ಅಲ್ಲಿಯೇ ಕಟ್ಟಿ ಆಡುತ್ತಾರೆ. ರಾಜ ಆರ್ಭಟ ಮಾಡುವಾಗ ಎಲ್ಲರೂ ಕೈ ಮುಗಿಯುತ್ತಾರೆ. ಬಾಗಿಲು ಕಾಯುವವನೋ ದೂತನೋ ಆಗಿ ಬಂದ ಹಾಸ್ಯಗಾರ ಮಾತ್ರ ದಡ್ಡನ ಹಾಗೆ ಒಂದು ಸಣ್ಣ ಪ್ರಶ್ನೆ ಕೇಳುತ್ತಾನೆ. ರಾಜನ ಹತ್ತಿರ ಉತ್ತರ ಇರುವುದಿಲ್ಲ. ಮೂಡುಬಿದಿರೆಯ ಹತ್ತಿರದ ಮಿಜಾರಿನ ಅಣ್ಣಪ್ಪನವರು ಹೆಸರು ಮಾಡಿದ್ದು ಇಂಥ ಹಾಸ್ಯದಿಂದಲೇ. ಹಾಸ್ಯಗಾರ ನಗಾಡುವುದು ಕಿರೀಟ ಇದ್ದವನನ್ನು, ಬಿದ್ದವನನ್ನು ಅಲ್ಲ.

ಅಪ್ಪ ಈಗ ಒಂದು ಕಾಲು ಎಳೆದುಕೊಂಡು ನಡೆಯುತ್ತಾರೆ. ಮೊನ್ನೆ ಪೇಟೆಯಲ್ಲಿ ಯಾರೋ ಒಬ್ಬ ಅವರ ಹಿಂದಿನಿಂದ ಹಾಗೆಯೇ ನಡೆದು ತೋರಿಸಿದ. ನಾಲ್ಕು ಜನ ನಕ್ಕರು. ಅಪ್ಪ, "ಅವನಿಗೆ ತಾಳ ತಪ್ಪಿತು, ನನ್ನ ಹೆಜ್ಜೆ ಅಷ್ಟು ಸುಲಭ ಅಲ್ಲ" ಎಂದು ನನ್ನ ಹತ್ತಿರ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಅದೇ ಕಾಲಿನ ಮೇಲೆ ಮಾವನೂ ತಮಾಷೆ ಮಾಡಿದ್ದಾರಲ್ಲ, ಅದು ಯಾಕೆ ನೋಯಲಿಲ್ಲ ಎಂದು ದಾರಿಯಿಡೀ ಯೋಚಿಸಿದೆ. ಮಾವ ಎತ್ತಿದವರು. ಎತ್ತಿದವರಿಗೆ ನಗಾಡುವ ಹಕ್ಕು ಉಂಟು ಎಂದು ನನಗೆ ಕಾಣುತ್ತದೆ.

ಆದ್ದರಿಂದ ನನ್ನದೊಂದು ವಿನಂತಿ. ಈ ಹಾಳೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಪ್ರತಿ ಶನಿವಾರ ಯಾರಾದರೂ ಒಬ್ಬರು ಅಲ್ಲಿ ಒಂದು ಒಗಟೋ, ಒಂದು "ಯಾಕೆ"ಯೋ, ಮನೆಯಲ್ಲಿ ನಡೆದ ಒಂದು ತಮಾಷೆಯೋ ಬರೆಯಿರಿ. ಗುರುಗಳೂ ಬರೆಯಬಹುದು. ಯಾರ ಬಣ್ಣ, ಯಾರ ತೊದಲು, ಯಾರ ಅಪ್ಪ ಅಮ್ಮನ ಕೆಲಸ, ಇದರ ಮೇಲೆ ಮಾತ್ರ ಬೇಡ. "ಎಂತ ವಿಶೇಷ?" ಎಂದು ಕೇಳಿದವರಿಗೆ ಹೇಳಲಿಕ್ಕೆ ವಾರಕ್ಕೊಂದು ಉತ್ತರವಾದರೂ ನಮ್ಮಲ್ಲಿ ಇರಲಿ.

ಮೊದಲನೇ ಒಗಟು ನನ್ನ ತಮ್ಮ ಕಟ್ಟಿದ್ದು:

ಬಿಸಿಲಿಗೆ ಮೂಲೆಯಲ್ಲಿ ನಿದ್ದೆ,
ಮಳೆಗೆ ಹೊರಟರೆ ಮೈಯೆಲ್ಲ ಒದ್ದೆ.
ಕರಕೊಂಡು ಹೋದವರು ಒಣಗಿ ಬರುತ್ತಾರೆ,
ಮರೆತು ಬಂದವರು ಬೈಗಳು ತಿನ್ನುತ್ತಾರೆ.
ಏನು ಹೇಳಿ?

ಉತ್ತರ ಗೊತ್ತಾದವರು ಪಕ್ಕದವರಿಗೆ ಹೇಳಬೇಡಿ. ಅವರೂ ಸ್ವಲ್ಪ ತಲೆ ಕೆರೆದುಕೊಳ್ಳಲಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ