ನಮ್ಮ ಕಾರಿನ ಹೊದಿಕೆ

ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಭಾಷ್ಯಕಾರರು ಆ ಜೋಡುಪದವನ್ನು ಬಿಡಿಸಿ ಹೇಳಿದ್ದಾರೆ. ನಮ್ಮ ಹಿರಿಯರು ಕಾಗದ ಬರೆಯುವಾಗ ‘ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು’ ಎಂದು ಮೊದಲ ಸಾಲಿನಲ್ಲಿಯೇ ವಿಚಾರಿಸಿಕೊಳ್ಳುತ್ತಿದ್ದರು. ಯೋಗದ ಮಾತು, ಎಂದರೆ ಹೊಸದಾಗಿ ಕೊಂಡ ತೋಟದ ಅಥವಾ ಎಮ್ಮೆಯ ಮಾತು, ಕಾಗದದ ಕೊನೆಗೆ, ಅದೂ ಸಂಕೋಚದಿಂದ ಬರುತ್ತಿತ್ತು. ಈಗ ಯಾವ ಪತ್ರಿಕೆಯನ್ನು ತೆರೆದರೂ ಯೋಗದ್ದೇ ಜಾಹೀರಾತು. ಕೊಂಡ ವಸ್ತುವನ್ನು ಐವತ್ತು ವರ್ಷ ಇಟ್ಟುಕೊಳ್ಳುವುದು ಹೇಗೆಂದು ಹೇಳತಕ್ಕವರು ಕಡಮೆ. ಒಂದು ಹಳೆಯ ಮೋಟಾರಿಗೆ ಹೊದಿಕೆಯನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಇದು ನನ್ನ ಅನುಭವಕ್ಕೆ ಬಂದಿತು. ಸಲಹೆ ಕೊಡುವವರು ಹತ್ತು ಮಂದಿ ಸಿಕ್ಕಿದರು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೊಂದಲಿಲ್ಲ. ವಿಷಯ ಅಲ್ಪವೆಂದು ವಾಚಕರು ಪುಟ ಮಗುಚದಿರಬೇಕೆಂದು ನನ್ನ ಬಿನ್ನಹ.

ಕಾರು ನನ್ನದಲ್ಲ, ನನ್ನ ಅಣ್ಣನದು. 1976ರಲ್ಲಿ ತಯಾರಾದ ಅಂಬಾಸಿಡರ್; ಅದರಲ್ಲಿಯೂ ಮಾರ್ಕ್ ಮೂರು ಎಂಬ ಜಾತಿಯದು. ಅಡಕೆಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ, 1986ರಲ್ಲಿ, ಅಣ್ಣ ಅದನ್ನು ಶಿವಮೊಗ್ಗದ ಒಬ್ಬ ವೈದ್ಯರಿಂದ ಕೊಂಡು ತಂದನು. ತೀರ್ಥಹಳ್ಳಿಯ ಸಮೀಪದ ನಮ್ಮ ಹಳ್ಳಿಯಲ್ಲಿ ಆಗ ಬೇರೆ ಕಾರಿರಲಿಲ್ಲ. ಊರಿನ ಬಾಣಂತಿಯರೂ ಮದುವೆಯ ಗಂಡುಗಳೂ ಹಾವು ಕಚ್ಚಿದವರೂ ಅದರಲ್ಲಿಯೇ ಕುಳಿತು ಹೋದರು. ಆ ಕಾರಿನ ವಂಶಾವಳಿ ದೊಡ್ಡದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಬಂಡಿಯ ಮಾದರಿಯನ್ನು ತಂದು, ಕಲ್ಕತ್ತೆಯ ಹತ್ತಿರದ ಉತ್ತರಪಾರದಲ್ಲಿ ಹಿಂದುಸ್ಥಾನ್ ಮೋಟರ್ಸ್‌ನವರು ಐವತ್ತಕ್ಕೂ ಹೆಚ್ಚು ವರ್ಷ ಇದನ್ನು ತಯಾರಿಸಿದರು. 2014ರ ಮೇ ತಿಂಗಳಿನಲ್ಲಿ ಕೆಲಸ ನಿಂತಿತು. ಹುಟ್ಟಿದ ಮನೆಯ ಬಾಗಿಲು ಮುಚ್ಚಿಹೋದ ಮೇಲೆ ಇರುವುದನ್ನು ಇದ್ದಂತೆ ಕಾಪಾಡುವುದಲ್ಲದೆ ಬೇರೆ ಉಪಾಯವಿಲ್ಲವಷ್ಟೆ.

ಅಣ್ಣ 2023ರಲ್ಲಿ ತೀರಿಕೊಂಡನು. ಅವನ ಮಗ ಬೆಂಗಳೂರಿನಲ್ಲಿದ್ದಾನೆ. ಬುದ್ಧಿವಂತ, ತಾಯಿಯ ಮೇಲೆ ಪ್ರೀತಿಯುಳ್ಳವನು. ‘ಚಿಕ್ಕಪ್ಪ, ಅದನ್ನು ಗುಜರಿಗೆ ಹಾಕಿಬಿಡೋಣ. ಓಡಿಸುವವರಿಲ್ಲ, ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತಿರಬೇಕು, ಅಮ್ಮ ಅದನ್ನು ನೋಡಿ ನೋಡಿ ಕೊರಗುತ್ತಾಳೆ’ ಎಂದು ಮೊದಲನೆಯ ವರ್ಷ ಹೇಳಿದನು. ಅವನ ತರ್ಕದಲ್ಲಿ ದೋಷವಿರಲಿಲ್ಲ. ಆದರೆ ಅತ್ತಿಗೆ ಒಪ್ಪಲಿಲ್ಲ. ‘ಇರಲಿ, ನಾನಿರುವ ತನಕ ಇರಲಿ’ ಎಂದರು. ಹೀಗೆ ಎರಡು ವರ್ಷ ಕಳೆಯಿತು. ಐವತ್ತು ವರ್ಷ ತುಂಬಿದ ಬಂಡಿಗಳನ್ನು ಪುರಾತನ ವಾಹನವೆಂದು ಬೇರೆಯಾಗಿ ನೋಂದಾಯಿಸಿ, ‘ವಿಎ’ ಎಂಬ ಅಕ್ಷರಗಳುಳ್ಳ ಸಂಖ್ಯೆ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮಾಡಿದೆ. ಅಂಥವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೋ ದುರಸ್ತಿಗೋ ಕೊಂಡೊಯ್ಯಬಹುದು. ಇದನ್ನು ಹುಡುಕಿ ಓದಿದವನು ಹುಡುಗನೇ. ಓದಿದ ಮೇಲೆ ಗುಜರಿಯ ಮಾತು ನಿಂತಿತು. ಕಳೆದ ಮೇ ತಿಂಗಳಿನಲ್ಲಿ, ಯಾರೂ ಹೇಳದೆ, ಅವನು ಅಂಚೆಯಲ್ಲಿ ಒಂದು ದೊಡ್ಡ ಕಟ್ಟನ್ನು ಕಳಿಸಿದನು. ಒಳಗೆ ಕಾರಿನ ಹೊದಿಕೆ!

ಅತ್ತಿಗೆಯ ಮುಖವನ್ನು ಆ ದಿನ ನೋಡಬೇಕಾಗಿತ್ತು. ಮಗ ಕಾರನ್ನು ಉಳಿಸಲು ಒಪ್ಪಿದನೆಂಬುದಕ್ಕೆ ಅವರಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ‘ಮಳೆ ಹತ್ತಿರ ಬಂತು, ಹೊದಿಸಿಬಿಡು’ ಎಂದರು. ನಾನು ಬಟ್ಟೆಯ ಮಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿದೆನು. ದಪ್ಪನಾದದ್ದು, ಭಾರವಾದದ್ದು, ಹನಿ ನೀರನ್ನೂ ಒಳಕ್ಕೆ ಬಿಡದಂತೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟದ್ದು. ಬೆಲೆಬಾಳುವ ವಸ್ತು, ಸಂದೇಹವಿಲ್ಲ. ನನಗೆ ಸಂಕಟವಾದದ್ದು ಅಲ್ಲಿಯೇ.

ಏಕೆಂದರೆ ನೀರನ್ನು ಒಳಕ್ಕೆ ಬಿಡದ ಬಟ್ಟೆ ಹೊರಕ್ಕೂ ಬಿಡುವುದಿಲ್ಲ. ನಮ್ಮ ಪೇಟೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಹಳೆಯ ಫಿಯೆಟ್ಟನ್ನು ಬಲ್ಲೆ. ಹೆಸರು ಬೇಡ. ಅವರು ನೀಲಿಯ ಟಾರ್ಪಾಲನ್ನು ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಮಗಳ ಮನೆಗೆ ಹೋಗಿ ದೀಪಾವಳಿಗೆ ಬಂದರು. ಬಿಚ್ಚಿದಾಗ ಬಾಗಿಲುಗಳ ಕೆಳಅಂಚು ಹಪ್ಪಳದಂತೆ ಉಬ್ಬಿತ್ತು. ಬೆರಳಿಟ್ಟರೆ ಒಳಕ್ಕೆ ಹೋಯಿತು. ಒಂದು ತೊಟ್ಟು ಮಳೆಯೂ ಆ ಕಾರಿನ ಮೇಲೆ ಬಿದ್ದಿರಲಿಲ್ಲ. ನೆಲದಿಂದ ಏಳುವ ಆವಿ ಒಳಗೆ ಸೇರುತ್ತದೆ. ರಾತ್ರಿ ತಣ್ಣಗಾದ ಲೋಹವನ್ನು ಮುಟ್ಟಿ ನೀರಾಗುತ್ತದೆ. ಹಗಲು ಮತ್ತೆ ಆವಿಯಾಗಿ, ಹೋಗಲು ದಾರಿಯಿಲ್ಲದೆ, ರಾತ್ರಿ ಮತ್ತೆ ಇಳಿಯುತ್ತದೆ. ಗಾಳಿಯಲ್ಲಿ ತೇವ ಸೇಕಡಾ 60ನ್ನು ಮೀರಿತೆಂದರೆ ಉಕ್ಕು ತುಕ್ಕಾಗುವ ವೇಗ ಏರುತ್ತದೆಂದು ಲೋಹಶಾಸ್ತ್ರಜ್ಞರು ಹೇಳುತ್ತಾರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಲೆನಾಡಿನಲ್ಲಿ ಅದು 60ಕ್ಕೆ ಇಳಿಯುವ ದಿನವೇ ಅಪೂರ್ವ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತ ಕಬ್ಬಿಣದ ಕಂಬ ಎಷ್ಟೋ ಮಳೆಗಾಲಗಳನ್ನು ಬರಿಮೈಯಲ್ಲಿಯೇ ಕಂಡಿದೆ ನಿಜ. ಅದು ಹಳೆಯ ಕಮ್ಮಾರರ ಕುಲುಮೆಯಿಂದ ಬಂದ ಗಟ್ಟಿ ಕಬ್ಬಿಣ. ಕಾರಿನ ಮೈ ತೆಳುವಾದ ತಗಡು; ಆ ಕಂಬದ ಆಯುಷ್ಯವನ್ನು ಇದಕ್ಕೆ ಹಾರೈಸುವಂತಿಲ್ಲ.

ಅಂಗಡಿಗಳಲ್ಲಿ ದೊರೆಯುವ ಹೊದಿಕೆಗಳನ್ನು ಒಂದು ವಾರ ನೋಡಿದೆನು. ಬೆಳ್ಳಿಯ ಬಣ್ಣ ಬಳಿದ ಪಾಲಿಯೆಸ್ಟರ್ ಬಟ್ಟೆ ಎಲ್ಲ ಕಡೆಯೂ ಉಂಟು. ಹಗುರ, ಅಗ್ಗ, ಒಳಮೈ ಮಾತ್ರ ಒರಟು. ಬಿಸಿಲಿನಲ್ಲಿ ಕೆಲವು ಕಾಲವಿದ್ದರೆ ಆ ಬೆಳ್ಳಿ ಹುಡಿಹುಡಿಯಾಗಿ ಉದುರುತ್ತದೆ. ಬರಿಯ ಹತ್ತಿಯ ಫ್ಲಾನೆಲ್ಲು ಬಣ್ಣಕ್ಕೆ ಮಗುವಿನ ಅಂಗಿಯಷ್ಟು ಮೃದು. ಒಣ ಸೀಮೆಯವರಿಗೆ, ಗೋಡೆಯಿರುವ ಕೊಠಡಿಯಲ್ಲಿ ನಿಲ್ಲಿಸುವವರಿಗೆ, ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನಮ್ಮಲ್ಲಿ ಆಷಾಢದ ಹೊತ್ತಿಗೆ ಅದು ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಮೂರನೆಯದು ನೇಯ್ದ ಬಟ್ಟೆಯಲ್ಲ; ಪಾಲಿಪ್ರಾಪಿಲೀನಿನ ಎಳೆಗಳನ್ನು ಒತ್ತಿ, ಮೂರು ನಾಲ್ಕು ಪದರ ಸೇರಿಸಿ ಮಾಡಿದ್ದು. ನಡುವಿನ ಪದರದ ಎಳೆಗಳು ಅತಿ ಸೂಕ್ಷ್ಮ. ಅವುಗಳ ಸಂದಿನಲ್ಲಿ ನೀರಿನ ಹನಿ ನುಗ್ಗಲಾರದು, ಆವಿ ಮಾತ್ರ ನುಸುಳಿ ಹೊರಕ್ಕೆ ಹೋಗುವುದು. ದೀರ್ಘಕಾಲದ ಬಿಸಿಲು ಅದಕ್ಕೆ ಆಗದು. ನಮ್ಮ ಕಾರಾದರೋ ಹೆಂಚಿನ ಕೊಟ್ಟಿಗೆಯಲ್ಲಿ ನಿಲ್ಲುವುದು, ಬಿಸಿಲಿನ ಮಾತಿಲ್ಲ. ಹೊದಿಕೆಯನ್ನು ಆರಿಸುವವನು ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಬಟ್ಟೆ’ ಎಂಬುದಲ್ಲ, ‘ಕಾರು ಎಲ್ಲಿ ನಿಲ್ಲುತ್ತದೆ’ ಎಂಬುದು. ಮಾಡು ಮಳೆಯನ್ನು ತಡೆಯುತ್ತಿರುವಾಗ ಬಟ್ಟೆಯೂ ಅದನ್ನೇ ಮಾಡಬೇಕಾಗಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಸಂಸ್ಕೃತದಲ್ಲಿ ಮುಚ್ಚು ಎಂಬ ಅರ್ಥದ ‘ಛದ್’ ಧಾತುವಿನಿಂದ ಛತ್ರವೂ ಆಗುತ್ತದೆ, ವಂಚನೆಯೆಂಬ ಅರ್ಥದ ಛದ್ಮವೂ ಆಗುತ್ತದೆ. ಕಾಯುವುದೂ ಮರೆಮಾಚುವುದೂ ಒಂದೇ ತಾಯಿಯ ಮಕ್ಕಳು. (ಗುರುವಿನ ದೋಷವನ್ನು ಛತ್ರದಂತೆ ಮುಚ್ಚುವ ಶೀಲವುಳ್ಳವನೇ ಛಾತ್ರನೆಂದು ವೈಯಾಕರಣರು ಹೇಳುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅಂಥ ಛಾತ್ರರು ಸಿಕ್ಕಿದ್ದು ಕಡಮೆ.) ಕಾರಿನ ಹೊದಿಕೆಯಲ್ಲಿಯೂ ಈ ಎರಡು ಗುಣ ಉಂಟು. ಹೊರಗಿನಿಂದ ನೋಡಿದರೆ ಎಲ್ಲವೂ ಭದ್ರ. ಒಳಗೆ ನಡೆಯುವುದನ್ನು ಯಾರೂ ಕಾಣರು. ಹಸ್ತಪ್ರತಿಗಳನ್ನು ಬರೆದ ಲಿಪಿಕಾರರು ಕೊನೆಯ ಗರಿಯಲ್ಲಿ ಗ್ರಂಥದ ವೈರಿಗಳನ್ನು ಹೆಸರಿಸುವ ಪದ್ಧತಿಯಿತ್ತು. ಎಣ್ಣೆ ಮತ್ತು ನೀರುಗಳ ಸಾಲಿನಲ್ಲಿಯೇ ಸಡಿಲವಾದ ಕಟ್ಟನ್ನೂ ಎಣಿಸಿದ್ದಾರೆ. ತಾಳೆಗರಿಯ ಕಟ್ಟು ಸಡಿಲವಾದರೆ ಗರಿ ಗರಿಯನ್ನು ಉಜ್ಜಿ ಅಕ್ಷರ ಸವೆಯುತ್ತದೆ. ಸಡಿಲವಾದ ಹೊದಿಕೆ ಗಾಳಿಗೆ ಬಡಿದಾಡಿದರೆ, ಅದರ ಅಡಿಯ ಧೂಳು ಮರಳುಕಾಗದವಾಗಿ ಬಣ್ಣವನ್ನು ಸವೆಯಿಸುತ್ತದೆ. ಈಗಿನ ಕಾರುಗಳಿಗೆ ಬಣ್ಣದ ಮೇಲೆ ನಿರ್ವರ್ಣವಾದ ಇನ್ನೊಂದು ಲೇಪದ ರಕ್ಷೆಯಿದೆ. ಹಳೆಯ ಕಾರಿಗೆ ಬಣ್ಣವೇ ಚರ್ಮ. ಆದಕಾರಣ ತೊಳೆದು ಒರಸಿ ಒಣಗಿಸದ ಕಾರಿಗೆ ಎಂಥ ಹೊದಿಕೆಯನ್ನೂ ಹಾಕತಕ್ಕದ್ದಲ್ಲ.

ಇಷ್ಟೆಲ್ಲ ನನಗೆ ತಿಳಿಯಿತು. ಅತ್ತಿಗೆಗೆ ಹೇಳುವುದು ಹೇಗೆ? ಮಗ ಎರಡು ವರ್ಷದ ಮೇಲೆ ಚಾಚಿದ ಕೈ ಅದು. ಸರಿಯಿಲ್ಲವೆಂದು ಮೂಲೆಗಿಟ್ಟರೆ ಅವನು ‘ಹಾಗಾದರೆ ನಿಮ್ಮಿಷ್ಟ’ ಎಂದು ಹಿಂದಕ್ಕೆ ಎಳೆದುಕೊಂಡಾನು. ಹೊದಿಸಿದರೆ ಅಣ್ಣನ ಕಾರು ಹೋಗುತ್ತದೆ. ಒಂದು ದಿನ ಸಂಜೆ ‘ಪರೀಕ್ಷಿಸಿ ನೋಡೋಣ’ ಎಂದು ಅವರೆದುರಿನಲ್ಲಿಯೇ ಆ ಹೊದಿಕೆಯನ್ನು ಹಾಸಿದೆನು. ಮುಂಗಾರು ಆಗತಾನೆ ಹಿಡಿದು ಎರಡು ದಿನ ಹೊಳವಾಗಿತ್ತು. ಕೊಟ್ಟಿಗೆಯ ಮಣ್ಣಿನ ನೆಲ ತೇವವಾಗಿತ್ತು. ಮೂರನೆಯ ಬೆಳಗ್ಗೆ ಇಬ್ಬರೂ ಹೋಗಿ ಅಂಚನ್ನು ಎತ್ತಿದೆವು. ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದುವು. ಬಾನೆಟ್ಟಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ನೀರಿತ್ತು. ನಾನು ಮಾತನಾಡಲಿಲ್ಲ. ಅತ್ತಿಗೆ ಸ್ವಲ್ಪ ಹೊತ್ತು ನೋಡಿ, ‘ರೊಟ್ಟಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಬಿಸಿಬಿಸಿಯಾಗಿ ಮುಚ್ಚಿಟ್ಟ ಹಾಗಾಯಿತಲ್ಲ’ ಎಂದರು. ಅವರ ಅಡಿಗೆಮನೆಯಲ್ಲಿ ಅಕ್ಕಿರೊಟ್ಟಿಯನ್ನು ಯಾವಾಗಲೂ ಪಂಚೆಯ ತುಂಡಿನಲ್ಲಿ ಸುತ್ತಿಡುತ್ತಾರೆ. ನಾನು ಒಂದು ವಾರದಿಂದ ಓದಿದ್ದನ್ನು ಅವರು ನಲವತ್ತು ವರ್ಷದಿಂದ ಮಾಡುತ್ತಿದ್ದರು!

ಮಗನಿಗೆ ಫೋನು ಮಾಡಿದವರೂ ಅವರೇ. ಏನು ಹೇಳಿದರೆಂಬುದು ನನಗೆ ಪೂರ್ತಿ ಕೇಳಿಸಲಿಲ್ಲ. ‘ನೀನು ಕಳಿಸಿದ್ದು ಗಟ್ಟಿಮುಟ್ಟಾಗಿದೆ, ಅದಕ್ಕೆ ಬೇರೆ ಕೆಲಸ ಕೊಟ್ಟಿದ್ದೇನೆ’ ಎಂಬುದು ಕೇಳಿಸಿತು. ಆ ಕೆಲಸವನ್ನು ಯೋಚಿಸಿದವರೂ ಅವರೇ. ನಮ್ಮ ಕೊಟ್ಟಿಗೆಗೆ ಪಡುವಲ ದಿಕ್ಕಿನಲ್ಲಿ ಗೋಡೆಯಿಲ್ಲ. ಮಳೆಗಾಲದಲ್ಲಿ ಅಲ್ಲಿಗೆ ಅಡಕೆಯ ಸೋಗೆಯ ತಟ್ಟಿ ಕಟ್ಟುವುದು ವಾಡಿಕೆ. ಆದರೂ ಗಾಳಿಮಳೆಯ ಎರಚಲು ಒಳಕ್ಕೆ ಬರುವುದುಂಟು. ಹುಡುಗ ಕಳಿಸಿದ ಹೊದಿಕೆಯನ್ನು ತಟ್ಟಿಯ ಒಳಮಗ್ಗುಲಿಗೆ ಪರದೆಯಂತೆ ಇಳಿಬಿಟ್ಟು ಕಟ್ಟಿದೆವು. ನೀರನ್ನು ಬಿಡದಿರುವುದೇ ಅದರ ಗುಣವಾದ್ದರಿಂದ ಆ ಗುಣ ಬೇಕಾದ ಜಾಗದಲ್ಲಿ ಅದು ನಿಂತಿತು.

ಕಾರಿನ ಮೈಮೇಲಕ್ಕೆ ಪದರಪದರದ ಆ ಹಗುರ ಹೊದಿಕೆಯನ್ನು ತರಿಸಿದೆವು. ಅಂಬಾಸಿಡರಿನ ಉದ್ದ ಸುಮಾರು 4.3 ಮೀಟರು, ಎತ್ತರ 1.6 ಮೀಟರು. ಈಗಿನ ಚಪ್ಪಟೆ ಕಾರುಗಳ ಅಳತೆಯ ಹೊದಿಕೆ ಅದರ ಗುಂಡುಮಾಡಿನ ಮೇಲೆ ಹತ್ತಿದರೂ ಚಕ್ರದವರೆಗೆ ಇಳಿಯುವುದಿಲ್ಲ; ಹೆಸರು ಹೇಳಿಯೇ ತರಿಸಬೇಕು. ಒಳಮೈ ಸ್ವಲ್ಪ ಗರಗರ ಎನ್ನುತ್ತಿದ್ದುದರಿಂದ ಮಾಡಿಗೂ ಬಾನೆಟ್ಟಿಗೂ ತಗಲುವ ಕಡೆ ಮೆತ್ತನೆಯ ಅಸ್ತರಿ ಹೊಲಿಸೋಣವೆಂದೆನು. ಅತ್ತಿಗೆ ಒಳಗೆ ಹೋಗಿ ಪೆಟ್ಟಿಗೆಯಿಂದ ಅಣ್ಣನ ನಾಲ್ಕು ಪಂಚೆಗಳನ್ನು ತಂದು ನನ್ನ ಕೈಯಲ್ಲಿಟ್ಟರು. ಒಗೆದು ಒಗೆದು ಬೆಣ್ಣೆಯಂತಾಗಿದ್ದುವು. ‘ಬೇರೆ ಬಟ್ಟೆ ತರುತ್ತೇನೆ, ಅತ್ತಿಗೆ’ ಎಂದೆನು. ‘ಪೆಟ್ಟಿಗೆಯಲ್ಲಿದ್ದು ಏನಾಗಬೇಕು?’ ಎಂದು ಕೆಲಸಕ್ಕೆ ಹೋದರು.

ಆಟೋರಿಕ್ಷಾಗಳ ಟಾಪು ಹೊಲಿಯುವವನೊಬ್ಬ ಪೇಟೆಯಲ್ಲಿದ್ದಾನೆ. ನನ್ನ ಹಳೆಯ ಶಿಷ್ಯ. ‘ಮೇಷ್ಟ್ರೇ, ಸೂಜಿ ಬಿದ್ದ ಕಡೆಯೆಲ್ಲ ನೀರು ಇಳಿಯುತ್ತೆ’ ಎಂದು ಎಚ್ಚರಿಸಿದನು. ಮೇಲೆ ಹೆಂಚಿದೆಯೆಂದೆನು. ಅಂಚಿಗೆ ರಬ್ಬರಿನ ಪಟ್ಟಿಯನ್ನೂ ಹೊಟ್ಟೆಯ ಅಡಿಯಲ್ಲಿ ಕಟ್ಟುವ ಎರಡು ದಾರಗಳನ್ನೂ ಅವನೇ ಸೇರಿಸಿದನು. ಕೂಲಿಯಲ್ಲಿ ಅರ್ಧ ಮಾತ್ರ ತೆಗೆದುಕೊಂಡನು. ಛಾತ್ರನೆಂದರೆ ಇವನು ಎನ್ನಬೇಕು.

ಅಡಕೆ ಒಣಗಿಸುವ ಹಳೆಯ ಟಾರ್ಪಾಲನ್ನು ಕಾರಿನ ಕೆಳಗಿನ ನೆಲಕ್ಕೆ ಹಾಸಿದೆವು. ನೆಲದ ಆವಿ ಅಲ್ಲಿಯೇ ನಿಲ್ಲಲಿ ಎಂದು. ಹೊದಿಕೆಯ ಅಂಚು ನೆಲದಿಂದ ಒಂದು ಗೇಣು ಮೇಲೆಯೇ ಇರುವಂತೆ ನೋಡಿಕೊಂಡೆವು. ಇದಕ್ಕೆ ಇಲಿಗಳೇ ಕಾರಣ. ಕತ್ತಲೆಯಾದ ಒಣ ಜಾಗ ಕಂಡರೆ ಅವು ಸಂಸಾರ ಹೂಡಿ, ತಂತಿಗಳನ್ನು ಕಡಿದುಹಾಕುತ್ತವೆ. ವಿನಾಯಕನ ವಾಹನ ನಮ್ಮ ವಾಹನವನ್ನು ತಿನ್ನುವುದು ಯಾವ ನ್ಯಾಯವೋ ತಿಳಿಯದು. ಬಾನೆಟ್ಟಿನೊಳಗೆ ನುಸಿಗುಳಿಗೆ ಇಟ್ಟಿದ್ದೇನೆ. ನನಗೆ ಹೆಚ್ಚು ನಂಬಿಕೆ ಮನೆಯ ಬೆಕ್ಕಿನ ಮೇಲೆಯೇ. ಹೊಳವಾದ ದಿನ ಹೊದಿಕೆಯನ್ನು ತೆಗೆದು ಹಿತ್ತಿಲ ಹಗ್ಗದ ಮೇಲೆ ಆರಹಾಕಿ, ಬಾಗಿಲುಗಳನ್ನು ತೆರೆದಿಟ್ಟು, ಕೆಳಅಂಚಿನ ನೀರಿನ ಕಿಂಡಿಗಳಲ್ಲಿ ಕಡ್ಡಿಯಾಡಿಸುತ್ತೇನೆ. ಇಂಜಿನ್ ಬಿಸಿಯಿರುವಾಗ ಹೊದಿಸುವುದಿಲ್ಲ.

ಗಣೇಶನ ಹಬ್ಬಕ್ಕೆ ಹುಡುಗ ಬಂದನು. ಕೊಟ್ಟಿಗೆಗೆ ಹೋಗಿ ತಾನು ಕಳಿಸಿದ ಪರದೆಯನ್ನು ಮೊದಲು ನೋಡಿ, ಅದರ ಹೊರಮೈಯಲ್ಲಿ ಇಳಿದಿದ್ದ ನೀರಿನ ಗೆರೆಗಳನ್ನು ಬೆರಳಿನಿಂದ ಮುಟ್ಟಿದನು. ಆಮೇಲೆ ಹೊದಿಕೆಯ ಅಂಚನ್ನು ಎತ್ತಿ, ಒಳಗಿನ ಪಂಚೆಯ ಕೆಂಪಂಚನ್ನು ಗುರುತು ಹಿಡಿದು, ‘ಅಪ್ಪಯ್ಯಂದಲ್ವಾ, ಚಿಕ್ಕಪ್ಪ?’ ಎಂದನು. ಹೌದೆಂದೆನು. ಬಾನೆಟ್ಟು ಒಣಗಿತ್ತು. ಮಧ್ಯಾಹ್ನ ಬ್ಯಾಟರಿಯನ್ನು ತಂದು ಜೋಡಿಸಿ, ಮೂರನೆಯ ಸಲಕ್ಕೆ ಚಾಲೂ ಮಾಡಿ, ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತೋಟದ ದಣಪೆಯವರೆಗೆ ಹೋಗಿಬಂದನು. ನವೀಕರಣದ ಕಾಗದಗಳನ್ನು ಬೆಂಗಳೂರಿಗೆ ಒಯ್ದಿದ್ದಾನೆ. ನನಗೆ ಇನ್ನು ಉಳಿದ ಕೆಲಸ ಒಂದೇ: ಹೊದಿಕೆಯ ಹಿಂದಿನ ದಾರ ಸಡಿಲವಾಗಿದೆ, ಪೇಟೆಗೆ ಹೋದಾಗ ಹೊಲಿಸಿಕೊಂಡು ಬರಬೇಕು.