ರೊಟ್ಟಿ ಬಡಿಯುವ ನಾಡಿನಲ್ಲಿ

ಬೀದರಕ್ಕೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಬಹಮನಿ ಸುಲ್ತಾನರ ಕೋಟೆಯನ್ನು ಸುತ್ತಿ, ೧೪೭೨ರಲ್ಲಿ ಮಹಮೂದ ಗಾವಾನನು ಕಟ್ಟಿಸಿದ ಮದರಸವನ್ನು ಕಂಡು ಬೆರಗಾಗಿ, ಬಿದರಿಯ ಹೂದಾನಿಯೊಂದನ್ನು ಕೊಂಡು ಹಿಂದಿರುಗುವರು. ಮಾಂಜರಾ ನದಿಯನ್ನು ದಾಟಿ ಜಿಲ್ಲೆಯ ಉತ್ತರದ ಅಂಚಿಗೆ, ಔರಾದದ ಸೀಮೆಗೆ ಹೋಗುವವರು ವಿರಳ. ಎರೆಯ ಹೊಲ, ಹಿಂಗಾರಿಯ ಜೋಳ, ಮರಾಠಿಯೂ ಉರ್ದುವೂ ಧಾರಾಳವಾಗಿ ಬೆರೆತ ಕನ್ನಡ, ಇವೇ ಆ ಸೀಮೆಯ ಸಂಪತ್ತು. ೧೯೫೬ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ನಾಡು ಇಂದು ಕರ್ನಾಟಕದ ನೆತ್ತಿಯ ಮೇಲಿದೆ. ಮಹಾರಾಷ್ಟ್ರದ ಗಡಿಗೆ ಸಮೀಪವಾದ ಡಾಬಕಾಕ್ಕೆ ನಾವು ಹೋದದ್ದು ಎಳ್ಳಮಾವಾಸ್ಯೆಯ ಹೊಲದೂಟಕ್ಕೆ. ಹಬ್ಬದ ಪ್ರಯಾಣವಾದರೂ ಮನಸ್ಸಿನಲ್ಲಿ ಒಂದು ಅಳುಕಿತ್ತು.

ನನ್ನ ತಂಗಿ ಆ ಊರಿನ ಸೊಸೆ. ದಂಪತಿಗಳು ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿದ್ದಾರೆ. ಎರಡು ವರ್ಷಗಳಿಂದ ಅವಳು ಬಿಳಿಚಿಕೊಂಡು ಇಳಿದುಹೋಗಿದ್ದಳು. ಊಟವಾದೊಡನೆ ಹೊಟ್ಟೆಯುಬ್ಬರ, ಮೆಟ್ಟಿಲು ಹತ್ತಿದರೆ ಏದುಸಿರು, ಬಾಯಲ್ಲಿ ಮತ್ತೆ ಮತ್ತೆ ಹುಣ್ಣು. ಕಬ್ಬಿಣಾಂಶದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರಲಿಲ್ಲ. ಕೆಲಸದ ಚಿಂತೆ ಎಂದರು ಕೆಲವರು. ನಾಜೂಕಿನ ಹೆಣ್ಣು ಎಂದರು ಮತ್ತೆ ಕೆಲವರು. ಕೊನೆಗೆ ವೈದ್ಯರೊಬ್ಬರು ವಿಶೇಷವಾದ ರಕ್ತಪರೀಕ್ಷೆಯೊಂದನ್ನು ಬರೆದುಕೊಟ್ಟರು. ಬಳಿಕ ಬಾಯಿಯ ಮೂಲಕ ನಳಿಗೆಯನ್ನು ಇಳಿಸಿ, ಸಣ್ಣ ಕರುಳಿನ ಮೇಲ್ಭಾಗದ ಒಂದೆರಡು ತುಣುಕುಗಳನ್ನು ತೆಗೆದು ಪರೀಕ್ಷಿಸಿದರು. ಬೇನೆಗೆ ಹೆಸರು ಸಿಕ್ಕಿತು: ಸೀಲಿಯಾಕ್ ರೋಗ. ಚಿಕಿತ್ಸೆಯೆಲ್ಲ ಒಂದು ಸಾಲಿನಲ್ಲಿ ಮುಗಿಯಿತು. ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯಗಳೂ ಇವುಗಳಿಂದಾದ ಪದಾರ್ಥಗಳೂ ಜೀವಮಾನವಿಡೀ ವರ್ಜ್ಯ.

ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟಿನಂಥ ಸಸಾರಜನಕವಿದೆ. ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ. ಅದರ ಮೇಲಿನ ನವಿರಾದ ಎಳೆಗಳೇ ಆಹಾರದ ಸತ್ವವನ್ನು ಹೀರುವುವು. ಈ ರೋಗವುಳ್ಳವರ ಹೊಟ್ಟೆಗೆ ಗ್ಲುಟೆನ್ ಹೋದರೆ, ದೇಹದ ರಕ್ಷಣಾಶಕ್ತಿಯು ಶತ್ರುವನ್ನು ಕಂಡಂತೆ ಕೆರಳಿ, ತನ್ನ ಕರುಳಿನ ಎಳೆಗಳನ್ನೇ ಸವೆಸಿಬಿಡುತ್ತದೆ. ಆಗ ಎಷ್ಟು ಉಂಡರೂ ಮೈಗೆ ಹತ್ತದು. ಮಕ್ಕಳಾದರೆ ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡವರಲ್ಲಿ ರಕ್ತಹೀನತೆ, ಮೂಳೆಗಳ ದೌರ್ಬಲ್ಯ ತೋರುತ್ತವೆ. ಗ್ಲುಟೆನ್ ನಿಂತರೆ ಎಳೆಗಳು ಮತ್ತೆ ಚಿಗುರುತ್ತವೆ. ಆದರೆ ಚಿಟಿಕೆ ಹಿಟ್ಟು ದಿನವೂ ಒಳಸೇರಿದರೂ ಪಥ್ಯವೆಲ್ಲ ನೀರಿನಲ್ಲಿ ಹೋಮ.

ನಮ್ಮ ಅಳುಕಿಗೆ ಇದೇ ಕಾರಣ. ಬೆಂಗಳೂರಿನ ಮನೆಯಲ್ಲಿ ಚಪಾತಿ, ರವೆ, ಶಾವಿಗೆ, ಬ್ರೆಡ್ಡುಗಳನ್ನು ಹೊರಹಾಕುವುದು ಸುಲಭ. ಅತ್ತೆಯ ಮನೆಯಲ್ಲಿ, ಹಬ್ಬದ ದಿನ, ಹತ್ತು ಜನರ ಮುಂದೆ ಬಡಿಸಿದ್ದನ್ನು ಬೇಡವೆನ್ನುವ ಸೊಸೆಯನ್ನು ಜನ ಏನೆಂದಾರು? "ಒಂದು ತುತ್ತಿನಿಂದ ಏನಾಗುತ್ತದೆ" ಎಂಬ ಪ್ರೀತಿಯ ಮಾತನ್ನು ಎದುರಿಸುವುದು ರೋಗವನ್ನು ಎದುರಿಸುವುದಕ್ಕಿಂತ ಕಷ್ಟ.

ದಾರಿಯಲ್ಲಿ ಒಂದು ರಾತ್ರಿ ಬೀದರದಲ್ಲಿ ತಂಗಿದೆವು. ಸಂಜೆ ನಾನಕ್ ಝೀರಾ ಗುರುದ್ವಾರಕ್ಕೆ ಹೋದೆವು. ಗುರು ನಾನಕರ ಕೃಪೆಯಿಂದ ಬಂಡೆಯಲ್ಲಿ ಸಿಹಿನೀರು ಚಿಮ್ಮಿತೆಂದು ಭಕ್ತರು ನಂಬುವ ತಾಣವದು. ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರದವರೇ. ಅಂಗೈಗೆ ಬಿದ್ದ ಪ್ರಸಾದವು ಗೋಧಿಹಿಟ್ಟು, ತುಪ್ಪ, ಸಕ್ಕರೆಗಳಿಂದಾದ ಬಿಸಿ ಹಲ್ವ. ತಂಗಿ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತು, ಕೈ ತೊಳೆದು ಬಂದಳು. ಪ್ರಸಾದಕ್ಕೂ ಅಪಚಾರವಾಗಲಿಲ್ಲ, ಪಥ್ಯಕ್ಕೂ ಭಂಗವಾಗಲಿಲ್ಲ.

ಪಂಜಾಬು, ಹರಿಯಾಣಗಳಂಥ ಗೋಧಿಯ ನಾಡುಗಳಲ್ಲಿ ಈ ರೋಗದ ಪರಿಚಯ ಹೆಚ್ಚು. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗವನ್ನು ಸೂಚಿಸುವ ಪ್ರತಿಕಾಯಗಳು ಉತ್ತರ ಭಾರತದಲ್ಲಿ ನೂರಕ್ಕೆ ೧.೨೩ ಜನರಲ್ಲಿಯೂ ಈಶಾನ್ಯದಲ್ಲಿ ೦.೮೭ ಜನರಲ್ಲಿಯೂ ದಕ್ಷಿಣದಲ್ಲಿ ಕೇವಲ ೦.೧೦ ಜನರಲ್ಲಿಯೂ ಕಂಡುಬಂದವು. ರೋಗಕ್ಕೆ ಒಲಿಯುವ ವಂಶಗುಣ ಮೂರು ಕಡೆಗಳಲ್ಲಿಯೂ ಇತ್ತು. ಎದ್ದುಕಂಡ ಭೇದವೆಂದರೆ ಜನ ತಿನ್ನುವ ಗೋಧಿಯ ಪ್ರಮಾಣ. ನಮ್ಮಲ್ಲಿ ರೋಗ ಅಪರೂಪವಾದ್ದರಿಂದ ಅದರ ಸಂಶಯ ಬರುವುದೂ ಅಪರೂಪ. ತಂಗಿಯ ಎರಡು ವರ್ಷಗಳು ಕಳೆದುಹೋದದ್ದು ಹೀಗೆಯೇ.

ಮರುದಿನ ಬೆಳಿಗ್ಗೆ ಔರಾದದ ಬಸ್ಸು ಹತ್ತಿದೆವು. ಬೀದರದ ಕೆಂಪು ಮಣ್ಣು ಹಿಂದೆ ಸರಿದು, ಮಾಂಜರಾ ನದಿಯನ್ನು ದಾಟಿದ ಮೇಲೆ ಕಣ್ಣು ಹರಿಯುವಷ್ಟು ದೂರವೂ ಎರೆಭೂಮಿ. ಕಟಾವಿಗೆ ಬಂದ ತೊಗರಿ, ಹಸಿರು ಕಾಯಿ ಕಟ್ಟಿದ ಕಡಲೆ, ತೆನೆ ಹೊತ್ತು ನಿಂತ ಬಿಳಿಜೋಳ. ಕಿಟಕಿಯ ಬಳಿ ಕುಳಿತಿದ್ದ ತಂಗಿ, "ಅಣ್ಣ, ಇಲ್ಲಿ ಕಾಣುವುದನ್ನೆಲ್ಲ ನಾನು ತಿನ್ನಬಹುದು" ಎಂದಳು. ರೋಗ ತಿಳಿದ ಮೇಲೆ ಅವಳ ಬಾಯಿಂದ ಊಟದ ಬಗ್ಗೆ ಬಂದ ಮೊದಲ ಹರ್ಷದ ಮಾತದು.

ಡಾಬಕಾದ ಮನೆಯ ಅಂಗಳಕ್ಕೆ ಕಾಲಿಡುವಾಗ ಅಡಿಗೆಮನೆಯಿಂದ ತಪ್ ತಪ್ ಎಂದು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಉತ್ತರ ಕರ್ನಾಟಕದ ಈ ಸದ್ದಿಗೂ ತಂಗಿಯ ಪಥ್ಯಕ್ಕೂ ಹತ್ತಿರದ ನಂಟಿದೆ. ಗೋಧಿಯ ಕಣಕ ಎಳೆದರೆ ಹಿಗ್ಗುವುದೂ ಲಟ್ಟಣಿಗೆಯ ಕೆಳಗೆ ಬಿಡದೆ ಹರಡುವುದೂ ಗ್ಲುಟೆನ್ನಿನ ಅಂಟಿನಿಂದ. ಜೋಳದಲ್ಲಿ ಆ ಅಂಟಿಲ್ಲ, ಎಳೆದರೆ ಹರಿಯುತ್ತದೆ. ಆದ್ದರಿಂದಲೇ ನಮ್ಮ ಹೆಣ್ಣುಮಕ್ಕಳು ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿ, ಪಿಷ್ಟ ಅರೆಬೆಂದು ಜಿಗಿಯಾಗುವಂತೆ ನಾದಿ, ಅಂಗೈಯಿಂದ ಬಡಿಬಡಿದು ಅಗಲಿಸುತ್ತಾರೆ. ಪ್ರಯೋಗಶಾಲೆಗಳು ಗ್ಲುಟೆನ್ನಿಗೆ ಹೆಸರಿಡುವ ಮುಂಚೆಯೇ ಈ ಕೈಗಳು ಅದು ಜೋಳದಲ್ಲಿಲ್ಲವೆಂಬುದನ್ನು ಅರಿತು, ಬೇರೊಂದು ಉಪಾಯವನ್ನು ಕಂಡುಕೊಂಡಿದ್ದುವು.

ತಂಗಿಯ ಪತಿ ತಾಯಿಗೆ ವಿಷಯವನ್ನೆಲ್ಲ ವಿವರಿಸಿದರು. ಆಕೆ ಸಾವಧಾನವಾಗಿ ಕೇಳಿ ಸೊಸೆಯ ಕಡೆ ತಿರುಗಿ, "ಗೋಧಿ ಉಣಬಾರದಂದ್ರ ಏನಾತವ್ವ? ಜ್ವಾಳ ಇಲ್ಲೇನು, ಸಜ್ಜಿ ಇಲ್ಲೇನು, ಅಕ್ಕಿ ಇಲ್ಲೇನು? ನಮ್ಮ ಕಾಲಕ್ಕ ಗೋಧಿ ಅಂದ್ರ ಹಬ್ಬದಾಗ ಅಷ್ಟ" ಎಂದರು. ನಾವು ವಾರಗಟ್ಟಲೆ ಹೊತ್ತಿದ್ದ ಭಾರವನ್ನು ಆಕೆ ಕ್ಷಣದಲ್ಲಿ ಇಳಿಸಿದರು.

ಆದರೆ ತೊಡಕು ಇಲ್ಲದಿರಲಿಲ್ಲ. ಹಿಟ್ಟು ಬಂದದ್ದು ಗಿರಣಿಯಿಂದ. ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಕಲ್ಲಿನಲ್ಲಿಯೇ ಮತ್ತೊಬ್ಬರ ಜೋಳವೂ ಬೀಳುತ್ತದೆ. ಹಿಂದಿನ ಗೋಧಿಹಿಟ್ಟು ಒಂದಿಷ್ಟು ಉಳಿದು ಜೋಳದ ಹಿಟ್ಟಿನಲ್ಲಿ ಬೆರೆಯುತ್ತದೆ. ಕಣ್ಣಿಗೆ ಕಾಣದ ಆ ಬೆರಕೆಯೂ ಕರುಳಿಗೆ ತಿಳಿಯುತ್ತದೆ. ನಮ್ಮ ದೇಶದ ಕಾನೂನಿನಂತೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ ೨೦ ಮಿಲಿಗ್ರಾಮನ್ನು ಮೀರಿದರೆ ಅದನ್ನು ಗ್ಲುಟೆನ್‌ರಹಿತ ಎಂದು ಮಾರುವಂತಿಲ್ಲವೆಂದರೆ ವಾಚಕರು ಅಳತೆಯ ಸೂಕ್ಷ್ಮವನ್ನು ಊಹಿಸಬಹುದು.

ಇದನ್ನು ಹೇಳಲು ನಾವು ಸಂಕೋಚಪಡುತ್ತಿದ್ದಾಗ ಆ ತಾಯಿಯೇ ಕೇಳಿದರು, "ಗಿರಣ್ಯಾಗ ಗೋಧಿನೂ ಬೀಸ್ತಾರಲ್ಲ, ಬೀಗರ, ಅದು ನಡೀತದೇನು?" ನಡೆಯದೆಂದೆ. ತೊಗರಿ, ಉದ್ದು ಒಡೆಯಲೆಂದು ಮೂಲೆಯಲ್ಲಿಟ್ಟಿದ್ದ ಬೀಸುವ ಕಲ್ಲನ್ನು ಹೊರತೆಗೆಸಿ ತೊಳೆಸಿದರು. ಅತ್ತೆಸೊಸೆಯರಿಬ್ಬರೂ ಎದುರುಬದುರು ಕುಳಿತು, ಆರಿಸಿ ಹಸನುಮಾಡಿದ ಎರಡು ಸೇರು ಜೋಳ ಬೀಸಿದರು. ರೊಟ್ಟಿಗೆ ಬೇರೆ ಹಂಚು, ನಾದಲು ಬೇರೆ ಪರಾತ. ಒಗ್ಗರಣೆಯ ಹಿಂಗನ್ನೂ ತಂಗಿ ಬೇಡವೆಂದಳು. ಅಂಗಡಿಯ ಡಬ್ಬಿಯ ಹಿಂಗಿಗೆ ಮೈದಾ ಬೆರೆಸುವುದುಂಟು. "ಹಿಂಗಿನ್ಯಾಗೂ ಗೋಧಿ ಅದೇನು?" ಎಂದು ಆಕೆ ಅಚ್ಚರಿಪಟ್ಟು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರು.

ಅಮಾವಾಸ್ಯೆಯ ದಿನ ಮನೆಯವರೆಲ್ಲ ಬುಟ್ಟಿಗಳನ್ನು ಹೊತ್ತು ಹೊಲಕ್ಕೆ ಹೊರಟೆವು. ಭೂತಾಯಿಗೆ ಪೂಜೆಯಾಯಿತು, ಪೈರಿನ ನಡುವೆ ಚರಗ ಚೆಲ್ಲಿದ್ದಾಯಿತು. ಹತ್ತಾರು ಕಾಳು, ಕಾಯಿಪಲ್ಯಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಜೋಳದ ಕಡಬು, ತಣ್ಣನೆಯ ಅಂಬಲಿ ಹರಡಿಕೊಂಡವು. ಗೋಧಿಯ ಹುಗ್ಗಿಯೂ ಹೋಳಿಗೆಯೂ ಇದ್ದುವು. ಅವುಗಳ ಪಾತ್ರೆ, ಸೌಟುಗಳನ್ನು ಮರದ ಇನ್ನೊಂದು ಬದಿಯಲ್ಲಿರಿಸಿ, ತಂಗಿಗೆ ಮೊದಲು ಬಡಿಸಿದರು. ಹುಗ್ಗಿಯನ್ನು ಒತ್ತಾಯಮಾಡಲು ಬಂದ ಹಿರಿಯಳೊಬ್ಬಳಿಗೆ ಅತ್ತೆಯೇ ಉತ್ತರವಿತ್ತರು: "ಆಕಿಗೆ ಅದು ಮದ್ದಿನ ಪಥ್ಯ. ಹಾಕಬ್ಯಾಡ."

ಊಟವಾದ ಮೇಲೆ ಮನೆಯ ಹಿರಿಯರು, ಇದನ್ನು ಮೊದಲು ಕಂಡುಹಿಡಿದವರಾರೆಂದು ಕೇಳಿದರು. ನಾನು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆಯವರ ಕಥೆಯನ್ನು ಹೇಳಿದೆ. ಗೋಧಿಯೇ ಈ ಮಕ್ಕಳ ವೈರಿಯೆಂಬ ಗುಮಾನಿ ಅವರಿಗೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಇತ್ತು. ೧೯೪೪–೪೫ರ ಚಳಿಗಾಲದಲ್ಲಿ ಆ ದೇಶದಲ್ಲಿ ಬ್ರೆಡ್ಡಿಗೂ ಬರ ಬಂದು ಜನ ಹಸಿವಿನಿಂದ ಸತ್ತರು. ಆಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು; ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಡಿಕೆಯವರು ೧೯೫೦ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಇದನ್ನು ಸ್ಥಾಪಿಸಿದರು. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಬರದಾಗೂ ಒಂದು ಪಾಠ ಇತ್ತು ನೋಡ್ರಿ" ಎಂದರು.

ವಾಚಕರಲ್ಲಿ ಒಂದೆರಡು ಮಾತು. ಆರೋಗ್ಯವಂತರು ಇದನ್ನೋದಿ ಗೋಧಿಯನ್ನು ಬಿಡಬೇಕಾದುದಿಲ್ಲ. ಸಂಶಯವುಳ್ಳವರೂ ಪರೀಕ್ಷೆಗೆ ಮುಂಚೆ ತಾವಾಗಿ ಬಿಡಬಾರದು. ಬಿಟ್ಟರೆ ರಕ್ತದಲ್ಲಿಯೂ ಕರುಳಿನಲ್ಲಿಯೂ ರೋಗದ ಗುರುತು ಮಾಸಿ, ವೈದ್ಯರಿಗೆ ತೀರ್ಮಾನ ಕಷ್ಟವಾಗುತ್ತದೆ. ಒಬ್ಬರಿಗೆ ಈ ರೋಗವಿದ್ದರೆ ಒಡಹುಟ್ಟಿದವರೂ ತಂದೆತಾಯಿಗಳೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ. ನನ್ನ ರಕ್ತವನ್ನೂ ಪರೀಕ್ಷಿಸಿದರು, ದೋಷವಿರಲಿಲ್ಲ.

ತಂಗಿಯ ಮುಖದಲ್ಲಿ ಈಗ ಕಳೆ ಬಂದಿದೆ. ಆರು ತಿಂಗಳ ಮೇಲಿನ ಪರೀಕ್ಷೆಯಲ್ಲಿ ಪ್ರತಿಕಾಯಗಳು ಇಳಿದಿದ್ದುವು, ರಕ್ತ ಏರಿತ್ತು. ಡಾಬಕಾದಿಂದ ಆಗಾಗ್ಗೆ ಬಿಳಿಜೋಳದ ಚೀಲ ಬರುತ್ತದೆ. ಅದನ್ನು ಬೀಸಲು ಅವಳು ಮನೆಯಲ್ಲಿಯೇ ಒಂದು ಸಣ್ಣ ಯಂತ್ರವನ್ನು ಇಟ್ಟುಕೊಂಡಿದ್ದಾಳೆ. ರೊಟ್ಟಿ ಮಾತ್ರ ಇನ್ನೂ ದುಂಡಗೆ ಬರುವುದಿಲ್ಲ.